ದಾಳಿಂಬೆ ಸಿಪ್ಪೆಯ ಪುಡಿ

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಪಕ್ಕ ಜ್ಯೂಸ್ ಅಂಗಡಿ ಇಟ್ಟಿದ್ದ ಪಂಚಾಕ್ಷರಯ್ಯ, ಹಾಸನದಲ್ಲಿ ನಡೆದ ಆಹಾರ ತಯಾರಿಕೆಯ ತರಬೇತಿಗೆ ಹೋಗಿಬಂದ ಮೇಲೆ ದಾಳಿಂಬೆ ಸಿಪ್ಪೆಯನ್ನು ಕಸಕ್ಕೆ ಹಾಕುವುದನ್ನೇ ನಿಲ್ಲಿಸಿದ. ಕಾಳಿಗಿಂತ ಸಿಪ್ಪೆಯಲ್ಲೇ ಮೈಗೆ ಒಳ್ಳೆಯ ಗುಣ ಹೆಚ್ಚೆಂದು ಅಲ್ಲಿಯ ಮೇಡಂ ಹೇಳಿದ್ದರು. ಲೈಸೆನ್ಸ್ ಮಾಡಿಸಿ, ಸಿಪ್ಪೆ ಒಣಗಿಸಿ, ಪುಡಿಯ ಪೊಟ್ಟಣಗಳನ್ನು ಅಂಗಡಿ ಮುಂದೆ ಜೋಡಿಸಿದ.

ಪಕ್ಕದಲ್ಲಿ ಹೂವು ಮಾರುವ ಲಕ್ಕಮ್ಮ ಬಗ್ಗಿ ನೋಡಿದಳು. "ಏನ್ ಅಯ್ನೋರೇ ಇದು, ಗೊಬ್ಬರವಾ?"

"ಒಟ್ಟೆಗೆ ಒಳ್ಳೇದು ಕಣಮ್ಮ. ಮಜ್ಜಿಗೇಲಿ ಕದಡಿ ಕೊಡ್ತೀನಿ, ಕುಡಿ."

ಉತ್ಸಾಹದಲ್ಲಿ ಪುಡಿ ಜಾಸ್ತಿಯೇ ಬಿತ್ತು. ಆ ಒಗರಿಗೆ ಲಕ್ಕಮ್ಮನ ಬಾಯಿ ಲಾಡಿ ಎಳೆದ ಸಂಚಿಯಂತೆ ಮುದುಡಿಕೊಂಡಿತು. ಮಾತು ಹೊರಡದೆ ಅವಳು ಕೈಯಾಡಿಸುವುದನ್ನು ಕಂಡು ಜನ ಸೇರಿದರು. "ಅಯ್ನೋರು ಕಸ ಕುಡಿಸ್ಬುಟ್ರಂತೆ" ಎಂದು ಯಾರೋ ಪುರಸಭೆಗೆ ಫೋನ್ ಮಾಡಿಯೂಬಿಟ್ಟರು.

ಆರೋಗ್ಯ ನಿರೀಕ್ಷಕ ರಜನೀಶ್ ಸ್ಕೂಟರ್ ಇಳಿಯುತ್ತಲೇ ಪಂಚಾಕ್ಷರಯ್ಯ ಗಲ್ಲಾಪೆಟ್ಟಿಗೆಯಿಂದ ಲೈಸೆನ್ಸ್ ಎಳೆದುಕೊಂಡು ಓಡಿಬಂದ. ಅಂಗಡಿಗೆ ಬೀಗ ಹಾಕಿಸಿದರೆ ಗತಿಯೇನು? "ಕಸ ಅಲ್ಲ ಸಾ" ಎಂದವನೇ ಲೈಸೆನ್ಸ್ ಮುಂದೆ ಹಿಡಿದು, ಸಿಪ್ಪೆ ತೊಳೆಯುವುದು, ನೆರಳಲ್ಲಿ ಒಣಗಿಸುವುದು, ಪುಡಿ ಮಾಡಿ ಜರಡಿ ಹಿಡಿಯುವುದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಜನ ಪುರಾಣ ಕೇಳುವಂತೆ ಕೇಳಿದರು.

"ನಮ್ಮಜ್ಜೀನೂ ಹೊಟ್ಟೆ ಕೆಟ್ರೆ ಇದನ್ನೇ ಅರೆದು ಕೊಡ್ತಿದ್ರು" ಎಂದು ರಜನೀಶ್ ತಾವೇ ಒಂದು ಪೊಟ್ಟಣ ಕೊಂಡರು. ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಪೊಟ್ಟಣಗಳೆಲ್ಲ ಖಾಲಿ. ಪಂಚಾಕ್ಷರಯ್ಯನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಗಿರಾಕಿಯೊಬ್ಬ ಜ್ಯೂಸ್ ಕುಡಿದು ಲೋಟ ಇಟ್ಟ. "ಸಿಪ್ಪೆ ಕವರ್‌ಗೆ ಆಕಿ."

"ಸಿಪ್ಪೆ ನಂದಲ್ವಾ?"

"ಕಾಸು ಕೊಟ್ಟಿದ್ದು ಇಡೀ ಅಣ್ಣಿಗೆ ತಾನೇ? ಪುಡಿ ಮಾಡೋದೆಂಗೆ ಅಂತ ಬೆಳಿಗ್ಗೆ ನೀವೇ ಯೋಳಿದ್ರಲ್ಲ."

ನ್ಯಾಯವಾದ ಮಾತು, ಕೊಟ್ಟ. ಅವನ ಹಿಂದೆ ನಿಂತವರೆಲ್ಲ ಅದನ್ನೇ ಕೇಳಿದರು. ಬುಟ್ಟಿಯ ತಳದಲ್ಲಿ ಉಳಿದಿದ್ದನ್ನು, ಬಾಯಿ ಸರಿಹೋದ ಲಕ್ಕಮ್ಮ ಸೆರಗಿಗೆ ಕಟ್ಟಿಕೊಂಡಳು.

ಸಂಜೆ ನೋಡಿದರೆ ಮುಂದಿನ ಪುಡಿಗೆ ಒಂದು ಚೂರು ಸಿಪ್ಪೆಯೂ ಇಲ್ಲ. ಪಂಚಾಕ್ಷರಯ್ಯ ಅಂಗಡಿಯಲ್ಲಿದ್ದ ಹಣ್ಣನ್ನೆಲ್ಲ ಮುಂದಿಟ್ಟುಕೊಂಡು ಬಿಡಿಸತೊಡಗಿದ. ಸಿಪ್ಪೆಯನ್ನು ಜೋಪಾನವಾಗಿ ಒಳಗಿಟ್ಟು, ಕಾಳನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಂಡ. ಹಣ್ಣು ಮಾತ್ರ ಬಲು ಸಿಹಿಯಾಗಿತ್ತು.

"ಅಯ್ನೋರೇ, ಎಲ್ಲಾ ನೀವೇ ತಿಂತಾ ಇದ್ದೀರಲ್ಲ, ಜ್ಯೂಸ್ ಮಾಡಿ ಮಾರಬಾರ್ದಾ?" ಲಕ್ಕಮ್ಮ ಕೇಳಿದಳು.

"ಮಾರಿದ್ರೆ ಸಿಪ್ಪೆ ಕೇಳ್ತಾರೆ ಕಣಮ್ಮ" ಎಂದು ಪಂಚಾಕ್ಷರಯ್ಯ ಇನ್ನೊಂದು ಹಣ್ಣು ಕೈಗೆತ್ತಿಕೊಂಡ.