ಹಲ್ಲು ನೋಡಿ ತಂದ ಲ್ಯಾಪ್‌ಟಾಪ್

ಅಂಗಡಿಗೆ ಹೋಗಿ, ಲ್ಯಾಪ್‌ಟಾಪಿನ ಹಲ್ಲು ನೋಡಿ ಖರೀದಿಗೆ ಇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಇದ್ದರೆ ಅವರು ನಮ್ಮ ಸೋದರಮಾವ! ನಂಬಿಕೆ ಬರದಿದ್ದರೆ ಜಮಖಂಡಿಯ ಆ ಅಂಗಡಿಯವನನ್ನು ಕೇಳಿ ನೋಡಿ. ಆದರೆ ಮಾಮಾನ ಹೆಸರು ಮಾತ್ರ ಎತ್ತಬೇಡಿ. ಹಾಡುಹಗಲೇ ಷಟರ್ ಎಳೆದುಬಿಟ್ಟಾನು.

ಮಾಮಾ ಓದಿದ್ದು ನಾಲ್ಕನೇ ಇಯತ್ತೆ. ಊರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆ. ದಂಡೆ ಅಂದೆನೆ? ಈಗ ಅದು ದಂಡೆಯಲ್ಲ, ತಳ. ಡ್ಯಾಮಿನ ಹಿನ್ನೀರು ಬಂದು ಊರಿಗೆ ಊರೇ ಎದ್ದ ಮೇಲೆ ಮಾಮಾ ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರಕ್ಕೆ ಬಂದು ಕೂತರು. ಒಂದಿಷ್ಟು ಹೊಲ, ಒಂದಿಷ್ಟು ಕುರಿ, ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಪದ, ಇಷ್ಟೇ ಅವರ ಬದುಕು. ಆದರೆ ಕಿವಿ! ದೇವರು ನಮಗೆಲ್ಲ ಕೇಳುವುದಕ್ಕೆ ಕಿವಿ ಕೊಟ್ಟಿದ್ದಾನೆ. ಮಾಮಾನಿಗೆ ತಕರಾರು ಮಾಡುವುದಕ್ಕೆ ಕೊಟ್ಟಿದ್ದಾನೆ.

ಮಾಮಾನ ಹೆಂಡತಿ, ನಮ್ಮ ಅತ್ತಿ, ಕುಕ್ಕರಿನಲ್ಲಿ ಅನ್ನಕ್ಕಿಟ್ಟರೆ, "ಅದು ಬೇಸೂರ ಒದರತೈತಿ, ನನಗ ಆ ಅನ್ನ ಇಳಿಯೂದಿಲ್ಲ" ಎಂದು ತಾಟು ಸರಿಸುವರು.

"ಹೌದನ್ರಿ? ಹಂಗಾರ ನೀವ ಒಲಿ ಮುಂದ ಕುಂತು ಸೂರಿನಾಗ ಸೀಟಿ ಹೊಡೀರಿ. ಅಕ್ಕಿ ಬೇಯತೈತೇನು ನೋಡೂಣು" ಎಂದಳು ಅತ್ತಿ. ಅವತ್ತು ಮಾಮಾ ಗಪ್ಪನೆ ರೊಟ್ಟಿ ತಿಂದು ಎದ್ದರು.

ಹಳೆಯ ಮೋಟರ್ ಸೈಕಲ್ ಕೊಳ್ಳಲು ಮುಧೋಳಕ್ಕೆ ಹೋದಾಗ ಎಂಜಿನ್ ನೋಡಲಿಲ್ಲ, ಟೈರ್ ನೋಡಲಿಲ್ಲ. ಸಾಲಾಗಿ ನಿಂತ ಗಾಡಿಗಳ ಹಾರ್ನ್ ಒಂದೊಂದಾಗಿ ಒತ್ತಿಸಿ, ಒಂದರ ಮುಂದೆ ಕಣ್ಣು ಮುಚ್ಚಿ ನಿಂತರು. "ಇದು ನನ್ನ ಸ್ವರಕ್ಕ ಕೂಡತೈತಿ. ಇದ ಇರಲಿ." ಮನೆಗೆ ತಂದ ಮೇಲೆ ಗೊತ್ತಾಯಿತು, ಗಾಡಿಗೆ ಬ್ರೇಕೇ ಹತ್ತುವುದಿಲ್ಲ. ನಾವೆಲ್ಲ ಬೈದರೆ, "ಹಾರ್ನ್ ಇಷ್ಟ ಛಲೋ ಇದ್ದ ಮ್ಯಾಲ ಬ್ರೇಕ್ ಯಾಕ ಬೇಕು? ಮಂದಿನ ಸರೀತಾರ" ಎಂದರು. ಮಂದಿ ಸರಿದರು, ಖರೆ. ಬೇಲಿ ಸರಿಯಲಿಲ್ಲ!

ಇಂಥವರು ಒಂದು ಬೇಸಗೆಯ ಮುಂಜಾನೆ ಜಮಖಂಡಿಯ ನಮ್ಮ ಮನೆಗೆ ಬಂದು, ಚಹಾ ಕುಡಿದು, ರುಮಾಲಿನಿಂದ ಮೀಸೆ ಒರೆಸಿಕೊಂಡು ಹೇಳಿದರು:

"ಯವ್ವಾ, ನನಗೊಂದ ಲ್ಯಾಪ್‌ಟಾಪ್ ಕೊಡಸು."

ಕೈಯಲ್ಲಿದ್ದ ಚಹಾದ ಬಸಿ ಬೀಳಲಿಲ್ಲ, ಅಷ್ಟೇ. ಎಲ್ಲರ ಕಿಸೆಗೂ ಮೊಬೈಲ್ ಬಂದಿದ್ದ ಕಾಲ ನಿಜ. ಆದರೆ ಲ್ಯಾಪ್‌ಟಾಪ್ ಇನ್ನೂ ಸಾಹೇಬರ ಸಾಮಾನು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೇ ಅದರಲ್ಲಿ ಹುಡುಗರ ಅಂಕ ತುಂಬುವುದಷ್ಟೇ ಗೊತ್ತಿತ್ತು.

"ನಿಮಗ್ಯಾಕ ಬೇಕ್ರಿ ಮಾಮಾ?"

"ಪದ ಮಾಡೂದೈತಿ."

ಕಥೆ ಹೀಗೆ. ಮಾಮಾ ಒಂದು ರೆಕಾರ್ಡಿಂಗ್ ಸ್ಟುಡಿಯೋಕ್ಕೆ ಹೋಗಿದ್ದರಂತೆ. ಅಲ್ಲಿಯವನು ಇವರ ಡೊಳ್ಳು ನೋಡಿ, "ಅದನ್ನ ಹೊರಗ ಇಡ್ರಿ. ನಮ್ಮ ಮಷೀನಿನಾಗ ಡೊಳ್ಳು ಐತಿ" ಎಂದು ಒಂದು ಕೀಲಿ ಒತ್ತಿದನಂತೆ. ಡುಬ್ ಡುಬ್ ಅಂತ ಏನೋ ಬಂತಂತೆ. "ಅದು ಡೊಳ್ಳಲ್ಲ ಯವ್ವಾ, ಕೊಡಪಾನಕ್ಕ ಹೊಟ್ಟಿಶೂಲಿ!" ಸಿಟ್ಟಿಗೆದ್ದು ಹೊರಟವರು ಅವನ ಪರದೆಯ ಮೇಲಿನ ಪಟ್ಟಿಗಳನ್ನು ಮಾತ್ರ ನೋಡಿಕೊಂಡು ಬಂದಿದ್ದರು. "ಒಬ್ಬೊಬ್ಬರದ ಬ್ಯಾರೆ ಬ್ಯಾರೆ ತಗೊಂಡು ಒಂದರ ಮ್ಯಾಲ ಒಂದ ಇಡತಾನ, ರೊಟ್ಟಿ ಒಟ್ಟಿದಂಗ. ಅಷ್ಟ ತಾನ? ನಾನೂ ಒಟ್ಟತೀನಿ."

ನಾನು ಒಳಗೊಳಗೇ ನಕ್ಕೆ. ಮುದಿ ವಯಸ್ಸಿನಲ್ಲಿ ಮಾಮಾನಿಗೆ ಸಿ.ಡಿ. ಮೇಲೆ ಪೇಟ ಸುತ್ತಿದ ಫೋಟೋ ಹಾಕಿಸಿಕೊಳ್ಳುವ ಹುಚ್ಚು ಹಿಡಿದಿದೆ ಅಂದುಕೊಂಡೆ. ಇರಲಿ, ಮಾಮಾ ಅಲ್ಲವೇ? ಹೊರಟೆವು.

ಜಮಖಂಡಿಯ ಅಂಗಡಿಯಲ್ಲಿ ಮಾಮಾ ಮೊದಲು ಮಾಡಿದ ಕೆಲಸ, ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿದ ಹಾಗೆ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ ಬಗ್ಗಿ ನೋಡಿದ್ದು. ಒಂದೊಂದು ಕೀಲಿಯ ಮೇಲೂ ಹೆಬ್ಬೆರಳು ಇಟ್ಟು ಅಲ್ಲಾಡಿಸಿದರು. "ಹಲ್ಲು ಗಟ್ಟಿ ಅದಾವ." ಆಮೇಲೆ ಎರಡು ಕೈಯಲ್ಲಿ ಎತ್ತಿ ತೂಗಿದರು. ತಿರುವಿ ಹಾಕಿ ಬೆನ್ನು ಸವರಿದರು.

ಅಂಗಡಿಯವನಿಗೆ ಹುರುಪು ಬಂತು. "ಯಜಮಾನ್ರ, ಇದರಾಗ ಎರಡು ಜಿಬಿ ರ‍್ಯಾಮ್ ಐತ್ರಿ."

"ರಾಮ ಇರಲಿ ಬಿಡೋ. ಬೀರಪ್ಪ ಅದಾನೋ ಇಲ್ಲೋ?"

"ಹಂಗಲ್ರಿ, ಸಿನಿಮಾ ನೋಡಬಹುದು, ಗೇಮ್ ಆಡಬಹುದು..."

"ನೋಡೂದು, ಆಡೂದು ಬ್ಯಾಡ. ಇದು ಕೇಳತೈತೇನು, ಅದನ್ನ ಹೇಳು."

ಹೀಗೆಂದು ಮಾಮಾ ಲ್ಯಾಪ್‌ಟಾಪಿನ ಪಕ್ಕಕ್ಕೆ ಕಿವಿ ಹಚ್ಚಿದರು. ಹುಬ್ಬು ಗಂಟಾಯಿತು. "ಯಾಕ ಉಸಿರಾಡಾಕತ್ತೈತಿ?"

"ಒಳಗ ಸಣ್ಣ ಫ್ಯಾನ್ ಇರತೈತ್ರಿ."

"ನಾ ಪದ ಹೇಳೂಮುಂದ ಇದು ಹಿಂಗ ಉಸ್ ಅಂದ್ರ ಅದೂ ಪದದಾಗ ಬರತೈತಿ. ಮತ್ತೊಂದ ತಗಿ."

ಮತ್ತೊಂದು, ಮಗದೊಂದು. ಸರಿಯಾಗಿ ಕೇಳುವುದಿಲ್ಲ ಎಂದು ಅಂಗಡಿಯ ತಲೆ ಮೇಲಿನ ಫ್ಯಾನ್ ಬಂದ್ ಮಾಡಿಸಿದರು. ಏಪ್ರಿಲ್ ತಿಂಗಳ ಜಮಖಂಡಿ! ಪ್ರಿಂಟರ್ ಕೊಳ್ಳಲು ಬಂದ ದಂಪತಿ ಬೆವರು ಒರೆಸಿಕೊಂಡು ಏನೋ ಕೇಳಹೋದರೆ, ಮಾಮಾ ತುಟಿಯ ಮೇಲೆ ಬೆರಳಿಟ್ಟು "ಶ್ಶ್!" ಎಂದರು. ಅವರು ಗಾಬರಿಯಾಗಿ ಹೊರಗೇ ಹೋದರು. ಕಡೆಗೆ ಎಲ್ಲವನ್ನೂ ಕೇಳಿ ಮುಗಿಸಿ, "ಯಾವುದೂ ಬ್ಯಾಡ. ಎಲ್ಲಾಕೂ ದಮ್ಮು ಐತಿ" ಎಂದು ಎದ್ದುಬಿಟ್ಟರು. ಅಂಗಡಿಯವನು ಅವರಿಗೆ ಕೈ ಮುಗಿದ ರೀತಿ ನೋಡಿದರೆ ಅದು ನಮಸ್ಕಾರವಾಗಿರಲಿಲ್ಲ.

ಮುಂದಿನ ಸವಾರಿ ರಬಕವಿಗೆ. ಈ ಸಲ ಮಾಮಾ ಡೊಳ್ಳನ್ನೂ ಹೆಗಲಿಗೆ ಹಾಕಿಕೊಂಡು ಬಂದಿದ್ದರು! ಕಂಡಕ್ಟರ್, "ಇದಕ್ಕ ಲಗೇಜ್ ಟಿಕೀಟ್ ಆಗತೈತಿ ನೋಡ್ರಿ" ಎಂದ. ಮಾಮಾ ಚಕಾರ ಎತ್ತದೆ ಟಿಕೀಟು ತೆಗೆಸಿದರು. ತೆಗೆಸಿದವರೇ ಡೊಳ್ಳನ್ನು ಕಿಟಕಿ ಪಕ್ಕದ ಸೀಟಿನ ಮೇಲೆ ಕೂಡಿಸಿದರು. "ಟಿಕೀಟ್ ಕೊಟ್ಟೀಯಲ್ಲ, ಕುಂಡ್ರತೈತಿ!" ರಬಕವಿಯವರೆಗೆ ಡೊಳ್ಳು ಕಬ್ಬಿನ ಗಾಳಿ ತಿನ್ನುತ್ತ ಕೂತು ಬಂತು. ಎಂ.ಎ. ಓದಿದ ನಾನು ನಿಂತು ಬಂದೆ.

ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ನಿಂತು ಮಾಮಾ ಡೊಳ್ಳಿಗೆ ಒಂದು ಪೆಟ್ಟು ಕೊಟ್ಟರು ನೋಡಿ, ಕಪಾಟಿನ ಗಾಜು ಗಲ್ಲೆಂದಿತು. ಎದುರಿನ ಸೀರೆ ಅಂಗಡಿಯಿಂದ ಮಂದಿ ಓಡಿ ಬಂದರು. "ಏನ್ರಿ, ಹೊಸಾ ಅಂಗಡಿ ಪೂಜಿ ಏನ್ರಿ?" ಪ್ರಸಾದಕ್ಕೆ ಒಬ್ಬಜ್ಜಿ ಕೈ ಚಾಚಿಯೇ ಬಿಟ್ಟಳು! ಅಂಗಡಿಯವನು ರೆಕಾರ್ಡ್ ಆದದ್ದನ್ನು ತಿರುಗಿ ಕೇಳಿಸಿದ. ಎಣ್ಣೆ ಡಬ್ಬಿಯನ್ನು ಕಟ್ಟಿಗೆಯಿಂದ ಬಡಿದ ಸದ್ದು. ಮಾಮಾನ ಮುಖ ಸಣ್ಣದಾಯಿತು.

ಅಂಗಡಿಯವನು ಒಳ್ಳೆಯವ. "ಲ್ಯಾಪ್‌ಟಾಪಿನ ಮೈಕಿಗೆ ಇಷ್ಟ ತಾಕತ್ತು ಇರೂದಿಲ್ರಿ. ಬ್ಯಾರೆ ಮೈಕ್ ಬೇಕು, ಅದಕ್ಕ ಜೋಡಸೂ ಡಬ್ಬಿ ಬೇಕು" ಎಂದು ತಿಳಿಸಿ ಹೇಳಿ, ಎರಡನ್ನೂ ತರಿಸಿಕೊಡಲು ಒಪ್ಪಿದ. ಆಮೇಲೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಕಪ್ಪನೆಯ, ಇಟ್ಟಂಗಿಯಂಥ ದಪ್ಪ ಲ್ಯಾಪ್‌ಟಾಪನ್ನು ಸುಮ್ಮನೆ ಚಾಲೂ ಮಾಡಿ ತೋರಿಸಿದ. ಭಾರ ಜಾಸ್ತಿ ಎಂದು ಯಾರೂ ಒಯ್ದಿರಲಿಲ್ಲವಂತೆ. ಮಾಮಾ ಕಿವಿ ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ನಿದ್ದೆ ಹೋದರೇನೋ ಎಂದು ನಾನು ಭುಜ ಮುಟ್ಟಿದೆ.

"ಯವ್ವಾ, ಇದು ಗಪ್ಪ ಕುಂತೈತಿ. ಇಷ್ಟ ಗಪ್ಪ ಕುಂತು ಕೇಳಾಂವ ನಮ್ಮ ಬೀಗರಾಗೂ ಒಬ್ಬ ಇಲ್ಲ. ಕಟ್ಟಸು!"

ಮನೆಗೆ ಬಂದ ಲ್ಯಾಪ್‌ಟಾಪಿಗೆ ಅತ್ತಿ ಅರಿಷಿಣ ಕುಂಕುಮ ಹಚ್ಚಿ, ಆರತಿ ಮಾಡಿ ಕೇಳಿದಳು: "ಇದಕ್ಕ ತಿನ್ನಾಕ ಏನ್ ಹಾಕಬೇಕ?"

"ಕರೆಂಟ್" ಎಂದೆ ನಾನು.

"ಹಂಗಾರ ನಮ್ಮಲ್ಲೆ ಇದು ಉಪಾಸ ಸಾಯತೈತಿ ಬಿಡವಾ!"

ಮಾಮಾ ಕಾಳಿನ ಚೀಲ ತುಂಬಿದ ಖೋಲಿಯ ನಾಲ್ಕು ಗೋಡೆಗೂ ಕಂಬಳಿ ಇಳಿಬಿಟ್ಟು ಸ್ಟುಡಿಯೋ ಮಾಡಿದರು. ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ, ಒಳಗೆ ಹೋದವರು ಬೆವರದೆ ಹೊರಗೆ ಬರುತ್ತಿರಲಿಲ್ಲ. ನಮ್ಮ ಕಾಲೇಜಿನ ಸಂಗೀತದ ಮೇಡಂ ಹತ್ತಿರ ನಾನು ಕಲಿತದ್ದನ್ನು ಅವರಿಗೆ ಕಲಿಸಿದೆ. ಕೆಂಪು ಚುಕ್ಕಿ ಒತ್ತಿದರೆ ಸುರು. ತಪ್ಪಿದರೆ ಈ ಬಾಗಿದ ಬಾಣ ಒತ್ತಬೇಕು.

"ಒತ್ತಿದ್ರ?"

"ಆಗಿದ್ದು ಆಗಿಲ್ಲದಂಗ ಆಗತೈತ್ರಿ. ಮೊದಲ ಹೆಂಗ ಇತ್ತೋ ಹಂಗ."

ಮಾಮಾ ಆ ಬಾಣವನ್ನು ದಿಟ್ಟಿಸಿ ನೋಡಿದರು. "ಇಂಥಾದ್ದ ಒಂದು ಆ ಡ್ಯಾಮಿಗೂ ಇಡಬೇಕಿತ್ತಲ್ಲವಾ!" ಎಂದು ಗಹಗಹಿಸಿ ನಕ್ಕರು. ನಾನೂ ನಕ್ಕೆ. ಆಮೇಲೆ ಮಾಮಾನೇ ಬೆರಳು ಚಾಚಿ ಕೆಂಪು ಚುಕ್ಕಿ ಒತ್ತಿದರು.

ಮಾಮಾ ಬೀರಪ್ಪನ ಪದ ಹಾಡಿದರು. ದನಿ ಇನ್ನೂ ಕಂಚು. ಆದರೆ ಒಂದೊಂದು ಸಾಲು ಹಾಡಿ ಸುಮ್ಮನೆ ಕೂತುಬಿಡುವರು. ಪರದೆಯ ಮೇಲೆ ಪಟ್ಟಿ ಖಾಲಿ ಓಡುತ್ತಿತ್ತು. ಮರೆತರೇನೋ ಎಂದು ನಾನು ಸನ್ನೆ ಮಾಡಿದರೆ ಕೈಯೆತ್ತಿ ತಡೆದರು. ಮುಗಿದ ಮೇಲೆ ಕೇಳಿದೆ: "ನಡುವ ನಡುವ ಯಾಕ ಸುಮ್ಮನಾದ್ರಿ?"

"ಅದು ಅವರ ಸರತಿ."

ಅವರು ಅಂದರೆ ಇಬ್ಬರು. ಡೊಳ್ಳು ಬಾರಿಸುವ ಗೆಳೆಯ, ತಾಳ ಹಾಕುವ ಗೆಳೆಯ. ಮೂವರೂ ಹುಡುಗರಿದ್ದಾಗಿನಿಂದ ಒಂದೇ ಮೇಳ. ನೀರು ಬಂದಾಗ ಡೊಳ್ಳಿನವರು ಅಳಿಯನ ಆಸರೆಗೆ ಸಾವಳಗಿಗೆ ಹೋದರು, ತಾಳದವರು ಮಗನ ಹಿಂದೆ ರಬಕವಿಗೆ. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಕಣ್ಣು. ಒಂದು ಕಡೆ ಕೂಡುವುದೇ ಆಗಿರಲಿಲ್ಲ. ನಾನು ಅಂದುಕೊಂಡ ಪೇಟದ ಫೋಟೋದ ಮಾತು ಮಾಮಾನ ತಲೆಯಲ್ಲೇ ಇರಲಿಲ್ಲ.

ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಮೇಳದ ಡೊಳ್ಳು ಹೊತ್ತುಕೊಂಡು ಸಾವಳಗಿಗೆ ಹೋದೆವು. ಡೊಳ್ಳಿನವರು ಹೆಡ್‌ಫೋನ್ ಹಾಕಿಕೊಂಡದ್ದೇ ತಡ, "ಏ ಇಲ್ಲೇ ಅದಾನಲ್ಲೋ!" ಎಂದು ಮಾಮಾನನ್ನು ಎದುರಿಗೆ ಇಟ್ಟುಕೊಂಡೇ ಗೋಡೆಯ ಹಿಂದೆ ಹುಡುಕಿದರು. ಬಾರಿಸಿದರು ನೋಡಿ, ಅಳಿಯನ ಮನೆಯ ಮಾಡಿನ ಪಾರಿವಾಳಗಳೆಲ್ಲ ಹಾರಿದವು.

ರಬಕವಿಯದು ಬೇರೆಯೇ ಫಜೀತಿ. ತಾಳದವರ ಮನೆಯ ಎಡಕ್ಕೂ ಬಲಕ್ಕೂ ಕರೆಂಟಿನ ಮಗ್ಗ! ಖಟಾಖಟ್ ಖಟಾಖಟ್, ಕಂಬಳಿಯಲ್ಲ, ಕೋಟೆ ಕಟ್ಟಿದರೂ ಆ ಸದ್ದು ನಿಲ್ಲುವಂಥದ್ದಲ್ಲ. ನಾನು ಕೈ ಚೆಲ್ಲಿದೆ. ಮಾಮಾ ಮಾತ್ರ ನೆಮ್ಮದಿಯಿಂದ ಎಲೆ ಅಡಿಕೆ ಹಾಕಿಕೊಂಡು ಕೂತರು.

"ಏನ್ರಿ ಮಾಮಾ, ಹಿಂಗ ಕುಂತ್ರ?"

"ತಡಿ, ಹೋಗತೈತಿ."

ಮಧ್ಯಾಹ್ನ ಕರೆಂಟು ಹೋಯಿತು. ಓಣಿಗೆ ಓಣಿಯೇ ಒಮ್ಮೆಲೇ ಸ್ತಬ್ಧ. ಎಲ್ಲ ಮನೆಯಿಂದಲೂ ಕರೆಂಟಿನವರಿಗೆ ಬೈಗುಳ. ಆ ಓಣಿಯಲ್ಲಿ ಖುಷಿಯಿಂದ ಜಿಗಿದೆದ್ದವರು ನಮ್ಮ ಮಾಮಾ ಒಬ್ಬರೇ: "ಹೋತು ಹೋತು! ಚಾಲೂ ಮಾಡು!" ದೊಡ್ಡ ಕಂಪ್ಯೂಟರ್ ಬಿಟ್ಟು ಬ್ಯಾಟರಿಯ ಲ್ಯಾಪ್‌ಟಾಪೇ ಬೇಕೆಂದದ್ದು ಯಾಕೆ ಎಂದು ನನಗೆ ಆಗ ತಿಳಿಯಿತು.

ಕಣ್ಣು ಮಂಜಾದ ತಾಳದವರು ಕಿವಿಯಲ್ಲಿ ಮಾಮಾನ ಪದ, ಡೊಳ್ಳಿನ ಪೆಟ್ಟು ಕೇಳುತ್ತ ತಾಳ ಹಾಕಿದರು. ಮಧ್ಯೆ ಜೋರಾಗಿ "ಭಲೇ!" ಎಂದರು. ಅದೂ ರೆಕಾರ್ಡ್ ಆಯಿತು. ಕರೆಂಟು ಬರುವ ಮೊದಲೇ ಕೆಲಸ ಮುಗಿಯಿತು. ಓಣಿಯವರು ಇನ್ನೂ ಬೈಯುತ್ತಲೇ ಇದ್ದರು.

ಮೂರು ರೊಟ್ಟಿ ಒಂದರ ಮೇಲೊಂದು ಒಟ್ಟಿ ಆಯಿತು. ಸಂಗೀತದ ಮೇಡಂ ನಮ್ಮ ಮನೆಗೆ ಬಂದು ಕೇಳಿ, "ಛಂದ ಅದ್ರಿ. ಆದ್ರ ತಾಳ ಹಾಕಿದವರು ಭಾಳ ಓಡ್ಯಾರ. ಇಲ್ಲೊಂದು ಬಟನ್ ಅದ. ಒತ್ತಿದ್ರ ಎಲ್ಲಾ ಸರಿ ಕೂಡತದ" ಎಂದರು. ನನ್ನ ಬೆರಳು ಆಗಲೇ ಅದರ ಮೇಲಿತ್ತು.

"ಒತ್ತಬ್ಯಾಡ!" ಎಂದರು ಮಾಮಾ.

"ತಪ್ಪೈತಲ್ರಿ ಮಾಮಾ."

"ಗೊತ್ತೈತಿ. ಅವ ಸಣ್ಣಾಂವ ಇದ್ದಾಗಿಂದ ಹಂಗ ಓಡತಾನ. ಡೊಳ್ಳಿನಾಂವ ಅವನ ಬೆನ್ನ ಹತ್ತತಾನ, ನಾ ಇಬ್ಬರನೂ ಹಿಡಕೊಂಡ ಬರತೀನಿ. ಅವ ಸರಿ ಹಾಕಿದ್ರ, ಅದು ನಮ್ಮೂರ ಪದ ಹೆಂಗ ಆಗತೈತಿ ಯವ್ವಾ?"

ನಾನು ಬೆರಳು ತೆಗೆದೆ. ಮಾಮಾ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಪದ ಏರುತ್ತ ಹೋದಂತೆ ಅವರ ಎಡಗೈ ತಾನಾಗಿಯೇ ಹಿಂದಕ್ಕೆ ಚಾಚಿತು, ಬೆನ್ನ ಹಿಂದೆ ಕೂತ ಯಾರನ್ನೋ ತಡೆಯುವ ಹಾಗೆ. ಅಲ್ಲಿ ನಮ್ಮ ಮನೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವ ಹಾಗೆ, ಮನೆಯೆಲ್ಲ ತುಂಬುವಷ್ಟು ಜೋರಾಗಿ, ನಗುತ್ತ ನಗುತ್ತ ಮಾಮಾ ಹೇಳಿದರು:

"ಸಾವಕಾಶ ಲೇ, ಸಾವಕಾಶ... ಊರೇನ್ ಓಡಿ ಹೊಂಟೈತೇನು?"