ಸಿಗಿರಿಯಾದ ಕಣಜದ ಹುಳುಗಳಿಗೆ ಕೊಂಡಾಪುರದಿಂದ ಒಂದು ದೂರು

ಶ್ರೀಲಂಕೆಯ ಸಿಗಿರಿಯಾ ಬಂಡೆಯಲ್ಲಿ ಖಾಯಂ ವಾಸ್ತವ್ಯ ಹೂಡಿರುವ, ಕುಟುಕುವ ವಿಷಯದಲ್ಲಿ ದೇಶ, ಭಾಷೆ, ಹುದ್ದೆಗಳ ಭೇದವೆಣಿಸದ ಪರಮ ಮಾನ್ಯ ಕಣಜದ ಹುಳುಗಳೇ,

ಹೈದರಾಬಾದಿನ ಕೊಂಡಾಪುರದಿಂದ ಮಂದಾಕಿನಿ ಎಂಬ ನಾನು ತಮ್ಮ ಸಮಸ್ತ ರೆಕ್ಕೆಗಳಿಗೂ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸರಕಾರಿ ಕಚೇರಿಯಲ್ಲಿದ್ದಷ್ಟು ಕಾಲವೂ ಮೇಲಿನವರಿಗೆ ಇಂಥ ಪತ್ರಗಳನ್ನು ಬರೆಯುವುದೇ ನನ್ನ ಕೆಲಸವಾಗಿತ್ತು, ಒಂದಕ್ಕೂ ಸರಿಯಾದ ಉತ್ತರ ಬಂದದ್ದು ನೆನಪಿಲ್ಲ. ಆದ್ದರಿಂದ ತಮ್ಮಿಂದಲೂ ಉತ್ತರ ನಿರೀಕ್ಷಿಸುತ್ತಿಲ್ಲ. ಹುಳುಗಳಾದ ತಾವು ಅಧಿಕಾರಿಗಳಿಗಿಂತ ಕಡಿಮೆ ಕಾಡುತ್ತೀರೆಂಬ ಧೈರ್ಯದಿಂದಷ್ಟೇ ಬರೆಯುತ್ತಿದ್ದೇನೆ.

ನನ್ನ ದೂರಿಗೆ ಕಾರಣರಾದವರು ನನ್ನ ಯಜಮಾನರಾದ ಶ್ರೀ ಬಸವರಾಜ, ಮೂಲತಃ ರಾಯಚೂರಿನವರು, ನೀರಾವರಿ ಇಲಾಖೆಯ ನಿವೃತ್ತ ಇಂಜಿನಿಯರು. ಒಳ್ಳೆಯವರು. ಕುಡಿಯುವುದಿಲ್ಲ, ಸೇದುವುದಿಲ್ಲ, ಮಾತಾಡುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿನಲ್ಲೂ ಬ್ರಷ್ಷಿನ ಸುತ್ತಲಿಂದ ಮಾತು ಹೊರಬರುತ್ತದೆ. ನಿವೃತ್ತಿಯಾದ ಮೇಲೆ ಹೈದರಾಬಾದಿನಲ್ಲಿ ಕೇಳುವವರು ಕಡಿಮೆಯಾದರೆಂದು ತೋರುತ್ತದೆ, ವಾರಾಂತ್ಯಕ್ಕೆ ಪಕ್ಕದ ದೇಶಕ್ಕೆ ಹೋಗುವ ಹವ್ಯಾಸ ಹಚ್ಚಿಕೊಂಡರು. ಶುಕ್ರವಾರ ವಿಮಾನ ಹತ್ತಿ ಭಾನುವಾರ ಮರಳುವ ಈ ಪ್ರವಾಸಗಳು, ಅವರ ಪ್ರಕಾರ, ಬೀದರಿಗೆ ಹೋಗಿಬಂದಷ್ಟೇ ಸಲೀಸು.

ಮೊದಲ ಸಲ ನಾವು ಹೋದದ್ದು ಶ್ರೀಲಂಕೆಯದೇ ಆದ ಸಿಂಹರಾಜ ಕಾಡಿಗೆ. ಅಲ್ಲಿಯ ಗೈಡು ಉಸಿರು ಬಿಗಿಹಿಡಿದು ಕೊಂಬೆಯ ಮೇಲಿನ ಅಪರೂಪದ ಹಕ್ಕಿಯೊಂದನ್ನು ತೋರಿಸುತ್ತಿದ್ದಾಗ, ಯಜಮಾನರು ಆ ಪ್ರದೇಶದ ವಾರ್ಷಿಕ ಮಳೆ ಪ್ರಮಾಣವನ್ನು ರಾಯಚೂರಿನದಕ್ಕೆ ಹೋಲಿಸಿ ವಿವರಿಸಿದರು. ಆ ಕೊಂಬೆಯ ಒಳ್ಳೆಯ ಫೋಟೋ ನಮ್ಮಲ್ಲಿದೆ. ಎರಡನೆಯ ಸಲ ದಂಬುಲ್ಲದ ಗುಹೆಗಳನ್ನೂ ತಮ್ಮ ಬಂಡೆಯನ್ನೂ ನೋಡುವುದೆಂದಾಯಿತು, ನಮ್ಮ ಮಗಳು ಶರ್ವರಿಯನ್ನೂ ಕರೆದುಕೊಂಡೆವು. ಮಾದಾಪುರದ ಒಂದು ಕ್ಲಿನಿಕ್ಕಿನಲ್ಲಿ ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವುದು ಅವಳ ಉದ್ಯೋಗ. ಮನೆಯಲ್ಲಿ ಅವಳಿಗೆ ಆ ಸೌಲಭ್ಯವಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಯಜಮಾನರ ಗೆಳೆಯರಾದ ಜನಾರ್ದನ ಅವರ ಮಗ ತರುಣನೊಂದಿಗೆ ಶರ್ವರಿಯ ನಿಶ್ಚಿತಾರ್ಥ ಮುಂದಿನ ತಿಂಗಳಿಗೆ ಗೊತ್ತಾಗಿತ್ತು. ಹುಡುಗಿ ಕೆಲವು ದಿನಗಳಿಂದ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನಾನು ಕೇಳಿದರೆ, "ಅಪ್ಪಗ ಹೇಳಬೇಕವ್ವಾ, ನಿನಗ ಹೇಳಿ ಏನಾಕೈತಿ" ಎನ್ನುತ್ತಿದ್ದಳು. ಅಪ್ಪನ ಮುಂದೆ ಕೂತು, "ಅಪ್ಪಾ, ತರುಣನ ವಿಷಯ..." ಎಂದು ಶುರು ಮಾಡಿದರೆ ಅವರು, "ಬಂಗಾರದಂಥ ಹುಡುಗ" ಎಂದು ಆ ವಾಕ್ಯವನ್ನು ತಾವೇ ಕೈಗೆತ್ತಿಕೊಂಡು, ಛತ್ರ, ಅಡಿಗೆಯವರು, ಕಲಬುರಗಿಯಿಂದ ಬರುವ ನೆಂಟರು ಎಲ್ಲರನ್ನೂ ಹಾದು ತಮ್ಮ ಇಲಾಖೆಯ ಹಳೆಯ ಕಾಲುವೆಯೊಂದಕ್ಕೆ ಬಂದು ನಿಲ್ಲುತ್ತಿದ್ದರು. ವಿಮಾನದಲ್ಲೂ ಹಾಗೆಯೇ ಆಯಿತು, ದಂಬುಲ್ಲದಲ್ಲಿ ಬುದ್ಧನ ಮುಂದೆಯೂ ಹಾಗೆಯೇ ಆಯಿತು.

ಭಾನುವಾರ ಬೆಳಿಗ್ಗೆ ತಮ್ಮ ಬಂಡೆಯ ಬುಡಕ್ಕೆ ಬಂದೆವು. ಕೆಳಗಿನ ಉದ್ಯಾನದ ಪುರಾತನ ಕಾರಂಜಿಗಳನ್ನು ಕಂಡು ಯಜಮಾನರಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ನಮ್ಮ ಗೈಡು, ಬಂಡಾರ ಎಂಬ ಸಾಧು ಸ್ವಭಾವದ ಯುವಕ, ನೀರಿನ ಒತ್ತಡದ ಬಗ್ಗೆ ಎರಡು ಮಾತು ಆಡಿದ್ದೇ ತಪ್ಪಾಯಿತು. ಮುಂದಿನದನ್ನು ಅವನೇ ಕೇಳಿಸಿಕೊಳ್ಳುತ್ತಾ ನಡೆದ.

ಸಿಂಹದ ಭಾರಿ ಪಂಜಗಳ ಶಿಲ್ಪವಿರುವ ಜಗುಲಿಗೆ ಬಂದಾಗ ಬಂಡಾರ ನಿಂತ. ಅಲ್ಲೊಂದು ಫಲಕವಿತ್ತು. ಕಣಜದ ಹುಳುಗಳಿವೆ, ಸದ್ದು ಮಾಡಬಾರದು ಎಂಬುದು ಅದರ ಸಾರಾಂಶ. ಪಕ್ಕದಲ್ಲೇ, ದಾಳಿಯಾದರೆ ಜನ ಹೊಕ್ಕು ಕೂರಲೆಂದು ಬಲೆ ಹೊದಿಸಿದ ಒಂದು ಪಂಜರ. ಮೇಲೆ ಬಂಡೆಯ ಚಾಚಿನ ಕೆಳಗೆ ತಮ್ಮ ನಿವಾಸಗಳು ಕಪ್ಪಗೆ ಜೋತುಬಿದ್ದಿದ್ದವು. ಬಂಡಾರ ಯಜಮಾನರ ಕಡೆ ನೋಡಿ ಕೈಮುಗಿದು, "ಸರ್, ಬೇರೆಯವರು ಪಿಸುಗುಟ್ಟಬಹುದು. ನೀವು ಅದೂ ಬೇಡ" ಎಂದ.

ತಮ್ಮ ಬದಲು ಇನ್ನೊಬ್ಬರಾಗಿದ್ದರೆ ಇವರು ಕೇಳುತ್ತಿರಲಿಲ್ಲ. ಆದರೆ ಹಿಂದೊಮ್ಮೆ ಗೋಲ್ಕೊಂಡದಲ್ಲಿ ಕೊಂಡಿಯುಳ್ಳ ತಮ್ಮ ಬಂಧುವೊಬ್ಬರು ಇವರ ಬೋಳುತಲೆಯ ಮೇಲೆ ಸಹಿ ಹಾಕಿದ್ದರು, ಮುಖ ಕುಂಬಳಕಾಯಿಯಾಗಿ ವಾರಗಟ್ಟಲೆ ಕನ್ನಡಕ ಕೂರುತ್ತಿರಲಿಲ್ಲ. ಇವರು ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು ಬಾಯಿ ಮುಚ್ಚಿದರು. ಮದುವೆಯಾದಾಗಿನಿಂದ ಆ ಬಾಯಿ ಮುಚ್ಚಿದಾಗ ಹೇಗಿರುತ್ತದೆಂದು ನಾನು ಸರಿಯಾಗಿ ನೋಡಿರಲಿಲ್ಲ. ಚೆನ್ನಾಗಿತ್ತು.

ಜಗುಲಿಯಿಂದ ಬಂಡೆಯ ನೆತ್ತಿಗೆ ಏರುವ ಕಬ್ಬಿಣದ ಮೆಟ್ಟಿಲಿನ ನಡುವೆ, ಮುಂದಿನವರು ಯಾರೋ ಹೆದರಿ ನಿಂತದ್ದರಿಂದ ಸಾಲು ನಿಂತಿತು. ಯಜಮಾನರು ಮುಂದೆ, ಶರ್ವರಿ ಅವರ ಹಿಂದೆ, ನಾನು ಅವಳ ಹಿಂದೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಗಾಳಿ. ಆಗ ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು.

"ಅಪ್ಪಾ, ನೀವು ಈಗ ಮಾತಾಡಂಗಿಲ್ಲ. ಅದಕ್ಕ ಈಗ ಹೇಳ್ತೀನಿ. ನನಗ ತರುಣನ ಕೂಡ ಲಗ್ನ ಬ್ಯಾಡ."

ಯಜಮಾನರು ಗಕ್ಕನೆ ತಿರುಗಿ ಬಾಯಿ ತೆರೆದರು. ಮೇಲಿನಿಂದ ಬಂಡಾರ ತುಟಿಯ ಮೇಲೆ ಬೆರಳಿಟ್ಟ. ಇವರು ತಲೆಯೆತ್ತಿ ತಮ್ಮ ನಿವಾಸಗಳನ್ನು ನೋಡಿದರು, ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು.

"ಅವರು ಕೆಟ್ಟವರಲ್ಲ. ಭೆಟ್ಟಿ ಆದಾಗೆಲ್ಲಾ ಅವರ ಮಾತು ನಾ ಕೇಳೀನಿ. ನಾ ಏನ್ ಕೆಲಸ ಮಾಡ್ತೀನಿ ಅಂತ ಅವರು ಇನ್ನೂ ಕೇಳಿಲ್ಲ. ಹೋದ ತಿಂಗಳು ನನಗ ಜ್ವರ ಬಂದಿತ್ತಲ್ಲ, ಫೋನಿನ್ಯಾಗ ಹೇಳಿದೆ. ಹಾಂ ಹಾಂ ಅಂದು ತಮ್ಮ ಹೊಸ ಕಾರಿನ ಸುದ್ದಿ ಮುಂದುವರಿಸಿದ್ರು. ಅಪ್ಪಾ, ಅವ್ವ ನಮ್ಮ ಮನ್ಯಾಗ ಅರ್ಧಾ ವಾಕ್ಯದಾಗ ನಿಂತ್ಕೊಂಡಾಳ, ಭಾಳ ವರ್ಷ ಆತು. ನನಗ ಹಂಗ ನಿಲ್ಲಾಕ ಆಗಂಗಿಲ್ರಿ."

ಹುಳುಗಳೇ, ಅವಳು ಹಾಗೆ ಹೇಳಿದಾಗ ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎತ್ತರಕ್ಕೆ ಹೆದರಿದೆನೆಂದು ಹಿಂದಿದ್ದ ವಿದೇಶಿ ಮುದುಕಿ ನನ್ನ ಬೆನ್ನು ಸವರಿದಳು. ಇವರು ನನ್ನ ಕಡೆ ನೋಡಿದರು. ಅವಳು ಹೇಳಿದ್ದು ಸುಳ್ಳೆಂದು ತಲೆಯಾಡಿಸಬಹುದಿತ್ತು, ಆಡಿಸಲಿಲ್ಲ. ಅಷ್ಟರಲ್ಲಿ ಸಾಲು ಚಲಿಸಿತು.

ಬಂಡೆಯ ನೆತ್ತಿಯಲ್ಲಿ ಕಲ್ಲಿನಲ್ಲೇ ಕಡೆದ ಒಂದು ದೊಡ್ಡ ಕೊಳವಿದೆ. ಅದನ್ನು ನೋಡಲೆಂದೇ ಇವರು ಈ ಪ್ರವಾಸ ಗೊತ್ತುಮಾಡಿದ್ದು. ಬಂಡಾರ ಬಂದು, "ಸರ್, ಇಲ್ಲಿ ಭಯವಿಲ್ಲ, ಮಾತಾಡಬಹುದು" ಎಂದು ಔದಾರ್ಯದಿಂದ ಹೇಳಿದ. ಇವರು ಆ ನೀರು ಅಷ್ಟೆತ್ತರದಲ್ಲಿ ಹೇಗೆ ನಿಲ್ಲುತ್ತದೆಂದು ಯಾರಿಗೂ ವಿವರಿಸದೆ ದಂಡೆಯ ಮೇಲೆ ಕೂತರು, ತಲೆಯ ಕರವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. ನನಗೆ ನಿಜವಾಗಿ ಭಯವಾದದ್ದು ಆಗಲೇ. ಬಹಳ ಹೊತ್ತಿನ ಮೇಲೆ ಶರ್ವರಿಯನ್ನು ಪಕ್ಕಕ್ಕೆ ಕರೆದು ಕೇಳಿದರು.

"ಜ್ವರ ಭಾಳ ಇತ್ತೇನವಾ?"

ಅವಳು ಹೇಳಿದಳು. ಜ್ವರದಿಂದ ಶುರುವಾಗಿ ಕ್ಲಿನಿಕ್ಕು, ಅಲ್ಲಿಯ ಮಕ್ಕಳು, ಮೊನ್ನೆ ಮೊದಲ ಸಲ ನೀರು ಬೇಕೆಂದು ಬಾಯಿಬಿಟ್ಟು ಕೇಳಿದ ಒಂದು ಹುಡುಗಿ, ಎಲ್ಲವನ್ನೂ ಹೇಳಿದಳು. ಇವರು ಕೊನೆಯವರೆಗೂ ಕೇಳಿ, "ಆತು. ಜನಾರ್ದನಗ ನಾನೇ ಹೇಳ್ತೀನಿ" ಎಂದರು.

ಹೇಳಿಯೂ ಬಿಟ್ಟರು, ಕೊಲಂಬೊ ವಿಮಾನ ನಿಲ್ದಾಣದಿಂದಲೇ. ಜನಾರ್ದನ ಅವರೂ ಮಾತಿನಲ್ಲಿ ಹಿಂದೆ ಬೀಳುವವರಲ್ಲ, ಮಗನಿಗೆ ಆ ಗುಣ ಬಂದದ್ದು ಬೀದಿಯಿಂದಲ್ಲ. ಆದರೆ ನಮ್ಮವರು ಅವರಿಗೆ ಉಸಿರಾಡಲು ಬಿಡದೆ, ಕ್ಷಮೆ ಕೇಳಿ, ಗೆಳೆತನ ನೆನೆಸಿ, ಸಂಬಂಧ ಮುರಿದು, ಆರೋಗ್ಯ ವಿಚಾರಿಸಿ ಫೋನಿಟ್ಟರು. ಮದುವೆಯಾದಾಗಿನಿಂದ ಆ ಬಾಯಿ ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು ಎಂದು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಹಾಗಾದರೆ ದೂರೇನು ಎಂದು ತಾವು ಕೇಳಬಹುದು. ದೂರು ತಮ್ಮ ಕಾರ್ಯವ್ಯಾಪ್ತಿಯ ಬಗ್ಗೆ. ಸೋಮವಾರ ಬೆಳಿಗ್ಗೆ ಕೊಂಡಾಪುರದಲ್ಲಿ ಬ್ರಷ್ಷಿನ ಸುತ್ತಲಿಂದ ಮತ್ತೆ ಮಾತು ಶುರುವಾಯಿತು. ಆಗಾಗ ನಡುವೆ ನಿಲ್ಲಿಸಿ, "ನೀ ಏನೋ ಹೇಳಾಕತ್ತಿದ್ದೆಲ್ಲ?" ಎಂದು ಕೇಳುತ್ತಾರೆ, ಸುಳ್ಳು ಹೇಳಬಾರದು. ಆದರೆ ಅಷ್ಟು ವರ್ಷಗಳ ಬಾಕಿ ಹೇಳಬೇಕಾದವಳಿಗೆ ಆಗಾಗ ಎಂಬುದು ಸಾಲದು. ಆದಕಾರಣ ತಾವು ದಯವಿಟ್ಟು ನಮ್ಮ ಬಾಲ್ಕನಿಯಲ್ಲಿ ಒಂದು ಶಾಖಾ ಕಚೇರಿ ತೆರೆಯಬೇಕು. ಬಟ್ಟೆ ಒಣಹಾಕುವ ಜಾಗವನ್ನು ಬಿಟ್ಟುಕೊಡುತ್ತೇನೆ. ಗೂಡು ಕಟ್ಟಲು ಪುರುಸೊತ್ತಿಲ್ಲದಿದ್ದರೆ ಫಲಕವನ್ನಾದರೂ ಕಳಿಸಿ. ತಮ್ಮಲ್ಲಿ ಅಂದು ಒಬ್ಬರೂ ಗೂಡಿನಿಂದ ಹೊರಗೆ ಬರಲಿಲ್ಲ, ಕೆಲಸವನ್ನೆಲ್ಲ ಆ ಫಲಕವೇ ಮಾಡಿತು. ಈ ಕಾರ್ಯದಕ್ಷತೆ ನಮ್ಮ ಕಚೇರಿಯಲ್ಲಿ ನಾನು ಕಂಡಿರಲಿಲ್ಲ.

ತಮ್ಮ ಕೊಂಡಿಗೆ ಸದಾ ಗೌರವ ಸಲ್ಲಿಸುವ,
ತಮ್ಮ ವಿಶ್ವಾಸಿ,
ಮಂದಾಕಿನಿ ಬಸವರಾಜ

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕುವ ಮೊದಲು ಯಜಮಾನರಿಗೆ ಓದಿ ಹೇಳಿದೆ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಕೇಳಿ, "ಎಲ್ಲಾ ಖರೆ ಬರದೀ. ಆದ್ರ ಅವು ಕಣಜ ಅಲ್ಲ, ಹೆಜ್ಜೇನು. ಫಲಕದಾಗ ತಪ್ಪು ಬರದಾರ" ಎಂದು ಆರಂಭಿಸಿ ಎರಡಕ್ಕೂ ಇರುವ ವ್ಯತ್ಯಾಸವನ್ನು ವಿವರಿಸತೊಡಗಿದ್ದಾರೆ, ಇದನ್ನು ಬರೆಯುವಾಗಲೂ ವಿವರಿಸುತ್ತಿದ್ದಾರೆ. ಅವರು ಹೇಳುವುದು ನಿಜವಾಗಿದ್ದಲ್ಲಿ ಈ ಅರ್ಜಿಯನ್ನು ಸಂಬಂಧಪಟ್ಟ ಹೆಜ್ಜೇನುಗಳಿಗೆ ವರ್ಗಾಯಿಸಿ, ಪ್ರತಿಯನ್ನು ಮಾತ್ರ ನನಗೆ ಕಳಿಸಬೇಕಾಗಿ ವಿನಂತಿ.