ನಾದಿನಿಯ ಲಗ್ನಕ್ಕೆ ನನ್ನ ಸರ್ವರ್

ಎಲ್ಲರೂ ಕೊಳ್ಳುವ ವಸ್ತುವನ್ನು ನಾನು ಕೊಳ್ಳಲಾರೆ. ಇದು ತತ್ವವೋ ಕಾಯಿಲೆಯೋ ನನಗೆ ಇನ್ನೂ ಗೊತ್ತಾಗಿಲ್ಲ; ನನ್ನ ಹೆಂಡತಿ ಸುವರ್ಣಾಳಿಗೆ ಗೊತ್ತಾಗಿ ಬಹಳ ಕಾಲವಾಯಿತು. ಅಂಗಡಿಯವನು ‘ಸರ್, ಇದು ಭಾಳ ಚಾಲೂ ಮಾಲ್ ಅದ್ರಿ, ಎಲ್ಲಾರೂ ಇದನ್ನೇ ಒಯ್ತಾರ’ ಎಂದನೋ ಮುಗಿಯಿತು, ನನ್ನ ಕಣ್ಣು ಆ ವಸ್ತುವಿನಿಂದ ಜಾರಿ ಮೂಲೆಯಲ್ಲಿ ಧೂಳು ತಿನ್ನುತ್ತಾ ಕುಳಿತ ಇನ್ನೊಂದರ ಮೇಲೆ ಬೀಳುತ್ತದೆ. ತೊಂಬತ್ತರ ದಶಕದಲ್ಲಿ ಬಸವಕಲ್ಯಾಣದ ತುಂಬ ಒಂದೇ ಬಗೆಯ ಸ್ಕೂಟರು ಓಡಾಡುತ್ತಿದ್ದಾಗ ನಾನು ಬೇರೊಂದನ್ನು ತಂದೆ. ಗಾಡಿ ಒಳ್ಳೆಯದೇ. ಆದರೆ ಅದರ ಕ್ಲಚ್ ವೈರು ಹೈದರಾಬಾದಿನಿಂದ ಬರಬೇಕಿತ್ತು. ಬರುವ ತನಕ ಗಾಡಿ ಅಂಗಳದಲ್ಲಿ ನಿಂತಿರುತ್ತಿತ್ತು, ಸುವರ್ಣಾ ಅದರ ಸೀಟಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರಂತೂ ನನಗೆ ಒಂದು ಬಗೆಯ ಚಡಪಡಿಕೆ. ರೇಡಿಯೊ ಚೆನ್ನಾಗಿ ಹಾಡುತ್ತಿದ್ದರೆ ಅದರ ಬೆನ್ನು ಬಿಚ್ಚಿ ಹೇಗೆ ಹಾಡುತ್ತಿದೆ ಎಂದು ನೋಡಬೇಕು. ನೋಡಿದ ಮೇಲೆ ಅದು ಹಾಡುವುದಿಲ್ಲ, ಅದು ಬೇರೆ ಮಾತು.

ಇಂಥ ನನ್ನ ಮನೆಗೆ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಕಂಪ್ಯೂಟರ್ ಬಂತು. ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮಗೆ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ ಕೊಟ್ಟವನು ನಮ್ಮ ಓಣಿಯ ಇಲಿಯಾಸ್. ಅವನು ಜೋಡಿಸಿ ಮುಗಿಸಿ, ‘ಸರ್, ಎಲ್ಲಾರ ಮನ್ಯಾಗ ಇರೋದೇ ಹಾಕಿ ಕೊಡ್ತೀನ್ರಿ, ಬೇಫಿಕರ್ ಇರ್ರಿ’ ಎಂದ. ಅವನಿಗೆ ಪಾಪ, ಆ ‘ಎಲ್ಲಾರ’ ಎಂಬ ಮಾತು ನನ್ನ ಮೇಲೆ ಏನು ಮಾಡುತ್ತದೆಂದು ಗೊತ್ತಿರಲಿಲ್ಲ. ನಾನು ಒಂದು ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದಿದ್ದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿ.ಡಿ. ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದರಾಗ ಪಿಚ್ಚರ್ ಅದ ಏನ್ರಿ?’ ಎಂದು ಕೇಳಿದ.

ಕಂಪ್ಯೂಟರ್ ಶುರುವಾಯಿತು. ಧ್ವನಿ ಬರಲಿಲ್ಲ. ಪ್ರಿಂಟರ್ ಕಾಗದವನ್ನು ಒಳಗೆಳೆದುಕೊಂಡು ಹಾಗೆಯೇ ಬಿಳಿಯಾಗಿ ಹಿಂದಿರುಗಿಸುತ್ತಿತ್ತು. ಆದರೆ ನನ್ನ ಎದೆ ಉಬ್ಬಿಹೋಗಿತ್ತು. ಮರುದಿನದಿಂದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಉಪನ್ಯಾಸ ಶುರು. ‘ಬೇರೆಯವರು ಪೆಟ್ಟಿಗೆ ಕೊಟ್ಟು ಕೀಲಿಕೈ ತಾವೇ ಇಟ್ಟುಕೊಳ್ತಾರೆ. ಇವರು ಎಲ್ಲವನ್ನೂ ಬಯಲಲ್ಲಿ ಇಟ್ಟಿದ್ದಾರೆ. ಒಳಗೆ ಏನಿದೆ ಅಂತ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಾಲ್ಕು ಜನಕ್ಕೆ ಹಂಚಬಹುದು’ ಎಂದೆಲ್ಲ ಹೇಳುವಾಗ ನನ್ನ ಕಣ್ಣು ತುಂಬಿ ಬರುತ್ತಿತ್ತು. ವಾಣಿಜ್ಯಶಾಸ್ತ್ರದ ಮೇಷ್ಟ್ರು ಮಾತ್ರ ಚಹಾ ಊದಿಕೊಳ್ಳುತ್ತಾ, ‘ಪುಕ್ಕಟೆ ಕೊಡ್ತಾರಂದ್ರ ಏನೋ ಐಬು ಇರ್ತದ್ರಿ’ ಎಂದು ಮುಗಿಸಿಬಿಟ್ಟರು. ಮನೆಯಲ್ಲಿ ಸುವರ್ಣಾಳಿಗೆ ತಿಳಿಯಲಿ ಎಂದು ಹುಮನಾಬಾದ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಉದಾಹರಣೆ ಕೊಟ್ಟೆ. ಭಜಿ ಮಾರುವವನು ಭಜಿಯ ಜೊತೆಗೆ ಹಿಟ್ಟಿಗೆ ಏನೇನು ಹಾಕಿದೆ ಎಂಬುದನ್ನೂ ಹೇಳಿಕೊಟ್ಟರೆ ಹೇಗಿರುತ್ತದೆ ಹೇಳು ಎಂದೆ. ಅವಳು, ‘ಹೇಳಿಕೊಟ್ಟರ ನೀವು ಭಜಿ ಕರೀತೀರೇನು? ಒಂದ ದಿನ ಒಲಿ ಮುಂದ ನಿಂತೀರೇನು?’ ಎಂದು ಕೇಳಿದಳು. ಆ ಬಯಲಲ್ಲಿಟ್ಟ ಸಾಹಿತ್ಯದ ಒಂದು ಸಾಲನ್ನೂ ನಾನು ಅಲ್ಲಿಯವರೆಗೆ ಓದಿರಲಿಲ್ಲ ಎಂಬುದು ನಿಜ. ಈಗಲೂ ಓದಿಲ್ಲ. ಆದರೆ ಓದಬಹುದಲ್ಲ ಎಂಬ ನೆಮ್ಮದಿ ಇದೆಯಲ್ಲ, ಅದು ಓದಿದವರಿಗೆ ಗೊತ್ತಾಗುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆ ದಿನಗಳಲ್ಲೇ ನನ್ನ ನಾದಿನಿ ಶ್ರೀದೇವಿಗೆ ಚಿಟಗುಪ್ಪದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಶಿವಕುಮಾರ, ಶಾಲೆಯ ಮಾಸ್ತರ. ನಮ್ಮ ಮಾವನವರು ಕೊಹಿನೂರ ಎಂಬ ಹಳ್ಳಿಯ ಒಕ್ಕಲುತನದವರು. ಅವರ ಮನೆಯಲ್ಲಿ ಫೋನಿರಲಿಲ್ಲ, ಹಾಗಾಗಿ ಮಾತುಕತೆಗೆಲ್ಲ ನಮ್ಮ ಮನೆಯ ನಂಬರೇ ಕೊಟ್ಟಿತ್ತು. ಹುಡುಗಿ ನೋಡುವ ಶಾಸ್ತ್ರವೂ ನಮ್ಮಲ್ಲೇ ನಡೆಯಿತು. ಹುಡುಗ ತಲೆ ಎತ್ತದೆ ಉಪ್ಪಿಟ್ಟು ತಿಂದ, ಹೋಗುವಾಗ ಒಮ್ಮೆ ಎತ್ತಿ ನೋಡಿದ. ಆ ಒಂದು ನೋಟದಿಂದ, ನಮ್ಮಲ್ಲೇ ಉಳಿದುಕೊಂಡಿದ್ದ ಶ್ರೀದೇವಿ ಎರಡು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಇದೊಂದು ಕೂಡಿಬರಲಿ ಎಂದು ಅವಳು ಬಾಯಿ ಬಿಟ್ಟು ಹೇಳದಿದ್ದರೂ ಮನೆಯ ಎಲ್ಲರಿಗೂ ತಿಳಿದಿತ್ತು. ಬೀಗರು ಹೋಗುವಾಗ, ‘ಎಲ್ಲಾ ಪಸಂದ್ ಅದ್ರಿ. ನಮ್ಮ ಹಿರೇಮಗ ಪುಣೆದಾಗ ಹಾನ. ಅವನಿಗಿ ಹುಡುಗಿ ಫೋಟೊ ಒಂದು ಕಂಪ್ಯೂಟರದಾಗ ತೋರಸ್ರಿ, ಅವ ಹೂಂ ಅಂದ್ರ ಜಲ್ದಿ ಮುಂದಿನ ಮಾತು ಆಡೋಣು’ ಎಂದರು.

ಕಂಪ್ಯೂಟರದಾಗ! ನನ್ನ ಕಿವಿ ನೆಟ್ಟಗಾಯಿತು. ‘ಸೈಬರ್‌ಗೆ ಹೋಗಿ ಮೇಲ್ ಮಾಡಿ ಬರ್ರಿ, ಹತ್ತ ನಿಮಿಷದ ಕೆಲಸ’ ಎಂದಳು ಸುವರ್ಣಾ. ಹತ್ತು ನಿಮಿಷದ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡುವವನು ನಾನಾಗಿದ್ದರೆ ಆ ಸ್ಕೂಟರು ಯಾಕೆ ಕೊಳ್ಳುತ್ತಿದ್ದೆ? ‘ನಮ್ಮ ಮನೆಯ ಹುಡುಗಿಯ ಫೋಟೊ ಯಾವುದೋ ದೇಶದಲ್ಲಿ ಯಾರದೋ ಕಂಪ್ಯೂಟರಿನಲ್ಲಿ ಯಾಕೆ ಇರಬೇಕು? ನಮ್ಮ ಮನೆಯಲ್ಲೇ ಇರುತ್ತದೆ. ನೋಡಬೇಕೆನ್ನುವವರು ನಮ್ಮ ಮನೆಗೇ ಬಂದು ನೋಡಲಿ’ ಎಂದೆ. ಅಂದರೆ ನಮ್ಮ ಕಂಪ್ಯೂಟರನ್ನೇ ಸರ್ವರ್ ಮಾಡುವುದು. ಪುಣೆಯ ಅಣ್ಣ ಅಲ್ಲಿ ವಿಳಾಸ ಒತ್ತಿದರೆ ಇಲ್ಲಿ, ಬಸವಕಲ್ಯಾಣದ ನಮ್ಮ ಪಡಸಾಲೆಯಲ್ಲಿ, ಬಾಗಿಲು ತೆರೆಯಬೇಕು. ನಾನು ಒಂದು ವಾರ ಊಟ ನಿದ್ದೆಯ ಪರಿವೆ ಇಲ್ಲದೆ ಅದರ ಹಿಂದೆ ಬಿದ್ದೆ. ಪುಟದ ಮೇಲೆ ‘ಸುಸ್ವಾಗತ’ ಎಂದು ಬರೆದೆ, ಕೆಳಗೆ ಶ್ರೀದೇವಿಯ ದೊಡ್ಡ ಫೋಟೊ ಹಾಕಿದೆ. ಚಿಕ್ಕದು ಮಾಡಿದರೆ ಅಂದ ಕೆಡುತ್ತದೆಂದು ಮಾಡಲಿಲ್ಲ. ವಿಳಾಸ ಬರೆದ ಚೀಟಿಯನ್ನು ಚಿಟಗುಪ್ಪಕ್ಕೆ ಹೋಗುವವರ ಕೈಯಲ್ಲಿ ಕಳಿಸಿಯೂ ಆಯಿತು.

ಆಗಿನ ಇಂಟರ್ನೆಟ್ ಬರುತ್ತಿದ್ದುದು ಫೋನಿನ ತಂತಿಯಲ್ಲೇ. ಇಂಟರ್ನೆಟ್ ಹಚ್ಚಿದರೆ ಫೋನಿಲ್ಲ, ಫೋನ್ ಎತ್ತಿದರೆ ಇಂಟರ್ನೆಟ್ಟಿಲ್ಲ. ಪುಣೆಯವನು ಯಾವ ಗಳಿಗೆಯಲ್ಲಿ ಬರುತ್ತಾನೋ ಯಾರಿಗೆ ಗೊತ್ತು? ಆದ್ದರಿಂದ ಹಗಲೆಲ್ಲ ಹಚ್ಚಿಯೇ ಇಟ್ಟೆ. ತಂತಿ ಕಡಿದರೆ ತಾನಾಗಿಯೇ ಮತ್ತೆ ಡಯಲ್ ಮಾಡಿಕೊಳ್ಳುವಂತೆ ಕಂಪ್ಯೂಟರಿಗೆ ಕಲಿಸಿದೆ. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಕೂಡಿಸಿದೆ. ‘ಬೀಗರ ಫೋನ್ ಬರೂದು ಅದ್ರೀ’ ಎಂದು ಸುವರ್ಣಾ ಗೊಣಗಿದಳು. ‘ಮೊದಲು ಫೋಟೊ ನೋಡಬೇಕು, ಆಮೇಲೆ ಫೋನ್ ಮಾಡಬೇಕು. ಫೋಟೊ ನೋಡದೆ ಯಾಕೆ ಫೋನ್ ಮಾಡುತ್ತಾರೆ?’ ಎಂದು ತರ್ಕಬದ್ಧವಾಗಿ ಹೇಳಿದೆ. ಇತಿಹಾಸ ಓದಿದವರಿಗೆ ಘಟನೆಗಳು ಕ್ರಮವಾಗಿ ನಡೆಯುತ್ತವೆ ಎಂಬ ಭ್ರಮೆ ಇರುತ್ತದೆ.

ಹೀಗೆ ಹಚ್ಚಿಟ್ಟ ವಾರ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಹಮನಿ ಸುಲ್ತಾನರ ಪಾಠ ಹೇಳುತ್ತಿದ್ದರೂ ಮನಸ್ಸೆಲ್ಲ ಪಡಸಾಲೆಯಲ್ಲಿ. ಮಷೀನು ನಡೆಯುತ್ತಿದೆಯೋ ಇಲ್ಲವೋ? ಬೆಕ್ಕು ವೈರು ಎಳೆಯಿತೋ? ಪಾಠ ಮುಗಿದದ್ದೇ ತಡ, ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿಗೆ ಓಡಿ ನಮ್ಮ ಮನೆಗೇ ಫೋನ್ ಹಚ್ಚುತ್ತಿದ್ದೆ. ಎಂಗೇಜ್ ಸದ್ದು ಬಂದರೆ ಆನಂದವೋ ಆನಂದ. ಫೋನ್ ಎಂಗೇಜ್ ಇದೆಯೆಂದರೆ ನನ್ನ ಸರ್ವರ್ ಉಸಿರಾಡುತ್ತಿದೆ ಎಂದರ್ಥ. ಒಂದು ಸಲ ಸದ್ದು ಕೇಳಿ ನಕ್ಕು ರಿಸೀವರ್ ಇಟ್ಟಾಗ ಬೂತಿನ ಮುದುಕ, ‘ಎಂಗೇಜ್ ಬಂತಲ್ರಿ ಸರ್, ಮತ್ತ ಯಾಕ ನಗಾಕತ್ತೀರಿ?’ ಎಂದು ಕೇಳಿದ. ‘ಅದೇ ಬೇಕಾಗಿತ್ತು’ ಎಂದೆ. ಅಂದಿನಿಂದ ಅವನು ನಾನು ಬಂದಾಗ ಗಾಜಿನ ಬಾಗಿಲನ್ನು ತುಸು ತೆರೆದೇ ಇಡುತ್ತಿದ್ದ.

ಭಾನುವಾರ ಬೆಳಿಗ್ಗೆ ಮಾವನವರು ಕೊಹಿನೂರದಿಂದ ಬಂದಿಳಿದರು. ಚಹಾ ಕೊಟ್ಟರೆ ಮುಟ್ಟಲಿಲ್ಲ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತರು. ‘ಅಳಿಯಂದ್ರ, ಚಿಟಗುಪ್ಪದವರು ಬ್ಯಾರೆ ಹುಡುಗಿ ನೋಡಾಕತ್ತಾರಂತ. ಬೇಮಳಖೇಡದ ಸಂಬಂಧ ಅಂತ. ನಿನ್ನಿ ಬಜಾರದಾಗ ಮಂದಿ ಮಾತಾಡಾಕತ್ತಿದ್ರು. ನಮ್ಮ ಹುಡುಗೀದು ಏನ್ ತಪ್ಪಾತ್ರಿ?’ ಎಂದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಒಳಗಿದ್ದವಳು ಶ್ರೀದೇವಿ. ಸುವರ್ಣಾ ಎದ್ದು ಹೋಗಿ ಕಂಪ್ಯೂಟರಿನ ಹಿಂದಿನ ಫೋನ್ ವೈರನ್ನು ಕಿತ್ತು, ಸೀರೆ ಬದಲಿಸಿಕೊಂಡು, ಟ್ರಂಕಿನಿಂದ ತಂಗಿಯ ಫೋಟೊ ತೆಗೆದು ಕವರಿನಲ್ಲಿಟ್ಟುಕೊಂಡು, ‘ನಡೀರಿ’ ಎಂದಳು.

ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಚಿಟಗುಪ್ಪ ಮುಟ್ಟುವವರೆಗೆ ಆ ತಂದೆ ಮಗಳು ನನ್ನೊಡನೆ ಮಾತಾಡಲಿಲ್ಲ. ಬೀಗರು ನಮ್ಮನ್ನು ಕಂಡು ಗಡಬಡಿಸಿ ಕಂಬಳಿ ಹಾಸಿದರು. ನಮ್ಮ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಸಂಬಂಧ ಬೇಡವೆಂದು ಯಾರೂ ಎದುರಿಗೆ ಹೇಳುವುದಿಲ್ಲ. ಹೇಳಿದರೆ ಎದುರಿನವರ ಇಜ್ಜತ್ತಿನ ಪ್ರಶ್ನೆ. ಸುಮ್ಮನೆ ಮಾತಿಗೆ ಸಿಗದಂತೆ ಇದ್ದುಬಿಡುತ್ತಾರೆ, ಬುದ್ಧಿಯಿದ್ದವರು ಅರ್ಥ ಮಾಡಿಕೊಳ್ಳುತ್ತಾರೆ. ಬೀಗರಿಗೆ ಬುದ್ಧಿಯಿತ್ತು. ‘ಮುಂಜಾನಿ ಹಚ್ಚಿದ್ರೂ ಎಂಗೇಜ್, ಸಂಜಿಕ್ ಹಚ್ಚಿದ್ರೂ ಎಂಗೇಜ್. ಫೋನ್ ತೆಗೆದು ಬಾಜೂಕ ಇಟ್ಟಾರ, ನಮ್ಮ ಸಂಬಂಧ ಬ್ಯಾಡಂತ ಇಷ್ಟು ಮರ್ಯಾದಿಲೆ ಹೇಳಾಕತ್ತಾರ ಅಂತ ತಿಳ್ಕೊಂಡೇವ್ರಿ’ ಎಂದರು. ಬಾಗಿಲು ತೆರೆದಿಟ್ಟೆನೆಂದು ನಾನು ಹಿಗ್ಗುತ್ತಿದ್ದ ವಾರವೆಲ್ಲ ಆ ಮನೆಯವರು ನಮ್ಮ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ‘ಪುಣೆಯ ಅಣ್ಣನವರು ಫೋಟೊ ನೋಡಿದರೇ?’ ಎಂದು ನಾನು ಮೆಲ್ಲಗೆ ಕೇಳಿದೆ. ಬೀಗಿತ್ತಿ ಬಾಯಿಗೆ ಸೆರಗು ಹಿಡಿದು ನಕ್ಕರು. ‘ಭಾಳ ಸಲ ನೋಡ್ಯಾನಂತ್ರಿ. ಮ್ಯಾಲಿಂದ ಇಳೀತಾ ಇಳೀತಾ ಹುಬ್ಬಿನ ತನಕ ಬಂದು ನಿಂದರ್ತದಂತ. ಹುಡುಗಿ ಹಣಿ ಛಲೋ ಅದ, ಮುಂದಿಂದು ಮಾಲೂಮ್ ಇಲ್ಲ ಅಂದಾನ.’

ಸುವರ್ಣಾ ಕವರು ಬಿಚ್ಚಿ ಫೋಟೊ ಕೊಟ್ಟಳು. ಹಣೆ, ಹುಬ್ಬು, ಕಣ್ಣು, ಮೂಗು, ಎಲ್ಲ ಒಮ್ಮೆಗೇ ಕಾಣಿಸಿದವು. ಬೇಮಳಖೇಡದ್ದು ಬರೀ ಬಾಯಿಮಾತಿನಲ್ಲಿತ್ತಂತೆ, ಹೋಗಿ ನೋಡಿರಲಿಲ್ಲ. ಬೀಗರು ಅಲ್ಲಿಂದಲೇ ಪುಣೆಗೆ ಫೋನ್ ಹಚ್ಚಿ ಫೋಟೊವನ್ನು ಮಾತಿನಲ್ಲೇ ವರ್ಣಿಸಿದರು. ಮಗ ಹೂಂ ಎಂದ. ಸಕ್ಕರೆ ಹಂಚಿ ಮಾತು ಪಕ್ಕಾ ಮಾಡಿಕೊಂಡರು. ಮಾವನವರು ಪೇಟ ಸುತ್ತಿಕೊಂಡರು. ನನಗೆ ನಿಜಕ್ಕೂ ಅಳು ಬಂತು. ಎಷ್ಟು ಹತ್ತಿರದಿಂದ ತಪ್ಪಿಹೋಗುತ್ತಿತ್ತು!

ಹೊರಡುವ ಹೊತ್ತಿಗೆ ಹುಡುಗ ಶಿವಕುಮಾರ ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದ. ಹೆಂಡತಿಯೂ ಮಾವನವರೂ ನಾಲ್ಕು ಹೆಜ್ಜೆ ಮುಂದಾದಾಗ ನನ್ನ ಪಕ್ಕಕ್ಕೆ ಸರಿದು, ‘ಸರ್, ಹುಡುಗಿ ನೋಡಾಕ ಬಂದಾಗ ನೀವು ಹೇಳಿದ ಆ ಲಿನಕ್ಸ್ ಸಿ.ಡಿ. ನನಗೊಂದ್ ಸಿಗ್ತದ ಏನ್ರಿ? ನಾನೂ ಕಂಪ್ಯೂಟರ್ ತಗೊಂಡೀನಿ. ಚಂದಾಗಿ ನಡೀತದ, ಆದ್ರ ಎಲ್ಲಾರ ಹಂತ್ಯಾಕ ಇದ್ದದ್ದೇ ಅದ, ಬ್ಯಾಸರಾಗಾಕತ್ತದ’ ಎಂದ. ನಾನು ನಿಂತುಬಿಟ್ಟೆ. ಇಷ್ಟು ದಿನ ಉಪನ್ಯಾಸ ಕೊಟ್ಟು ಒಬ್ಬ ಶಿಷ್ಯನೂ ಸಿಕ್ಕಿರಲಿಲ್ಲ. ಸಿಕ್ಕವನು ಈಗ ನನ್ನ ಷಡ್ಡಕನಾಗುವವನು. ‘ರೇಡಿಯೊ ಬಿಚ್ಚುತ್ತೀರಾ?’ ಎಂದು ಕೇಳಿದೆ. ‘ಎರಡು ಬಿಚ್ಚೀನ್ರಿ’ ಎಂದ. ಶ್ರೀದೇವಿಯ ಮುಖ ಕಣ್ಣ ಮುಂದೆ ಬಂತು. ಇದನ್ನು ಈಗಲೇ ಸುವರ್ಣಾಳಿಗೆ ಹೇಳುವುದು ನನ್ನ ಧರ್ಮವಾಗಿತ್ತು. ಎಲ್ಲವೂ ಬಯಲಲ್ಲಿರಬೇಕು, ಒಳಗೆ ಏನಿದೆಯೆಂದು ಎಲ್ಲರಿಗೂ ತಿಳಿಯಬೇಕು ಎಂದು ಊರೆಲ್ಲ ವಾದಿಸಿಕೊಂಡು ಬಂದವನು ನಾನು. ಸುತ್ತ ಒಮ್ಮೆ ನೋಡಿ, ಸದಾ ನನ್ನ ಚೀಲದಲ್ಲೇ ಇರುತ್ತಿದ್ದ ಸಿ.ಡಿ. ತೆಗೆದು ಅವನ ಜೇಬಿಗೆ ತುರುಕಿ, ‘ಲಗ್ನ ಆಗೋ ತನಕ ಯಾರಿಗೂ ತೋರಿಸಬೇಡಿ’ ಎಂದು ಪಿಸುಗುಟ್ಟಿದೆ.

ಬಸ್ಸು ಹೊರಟ ಮೇಲೆ ಸುವರ್ಣಾ ಮೊದಲ ಸಲ ನನ್ನ ಕಡೆ ತಿರುಗಿ, ‘ಹುಡುಗ ಎಷ್ಟು ಶಾಂತ ಹಾನ ನೋಡ್ರಿ. ನಿಮ್ಮಂಗ ಒಂದೂ ಉಸಾಬರಿ ಇಲ್ಲ. ನಮ್ಮ ಶ್ರೀದೇವಿ ಪುಣ್ಯ ಮಾಡ್ಯಾಳ’ ಎಂದಳು. ನಾನು ಹೌದೌದು ಎಂದು ಕಿಟಕಿಯ ಕಡೆ ಮುಖ ಮಾಡಿದವನು ಹುಮನಾಬಾದ ಬರುವವರೆಗೆ ಈ ಕಡೆ ತಿರುಗಲಿಲ್ಲ.